ಅನ್ಯಗ್ರಹದ ಜಾಣರಿಗೆ ಎಷ್ಟು ಕೈ?

ಪ್ರಶ್ನೆ: ಬೇರೆ ಗ್ರಹದಲ್ಲಿ ಬುದ್ಧಿವಂತ ಜೀವಿಗಳಿದ್ದರೆ ನೋಡಲು ಹೇಗಿರಬಹುದು?

ಉತ್ತರ: ಸಿನಿಮಾದ ದಪ್ಪ ತಲೆ, ಸಣಕಲು ಮೈಯ ಮನುಷ್ಯನಂತೆ ಇರುವ ಸಾಧ್ಯತೆ ಕಡಿಮೆ. ಆ ವೇಷದೊಳಗೆ ನಟನೊಬ್ಬ ಹಿಡಿಸಬೇಕಲ್ಲ!

ಸುಳಿವುಗಳು ಭೂಮಿಯಲ್ಲೇ ಇವೆ. ಶಾರ್ಕ್ ಮೀನು, ಡಾಲ್ಫಿನ್ ಸಸ್ತನಿ, ಅಳಿದುಹೋದ ಇಕ್ತಿಯೋಸಾರ್ ಸರೀಸೃಪ. ಆದರೂ ಮೈಕಟ್ಟು ಹೆಚ್ಚುಕಡಿಮೆ ಒಂದೇ. ನೀರು ಸೀಳಿ ವೇಗವಾಗಿ ಈಜಲು ಆ ಆಕಾರವೇ ಅನುಕೂಲ. ಅನ್ಯಗ್ರಹದ ಕಡಲಲ್ಲೂ ಅದು ಕಂಡರೆ ಅಚ್ಚರಿಯಿಲ್ಲ.

ಬುದ್ಧಿಯ ವಿಚಾರಕ್ಕೆ ಬಂದರೆ ಆಕ್ಟೋಪಸ್ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಎಂಟು ತೋಳುಗಳಲ್ಲಿ. ಇಂಡೊನೇಷ್ಯಾದ ಕಡಲತಳದ ಒಂದು ಜಾತಿಯಂತೂ ಬಿಸಾಡಿದ ತೆಂಗಿನ ಕರಟಗಳನ್ನು ಒಂದರೊಳಗೊಂದಿಟ್ಟು, ಮೈಯಡಿ ಅವುಚಿಕೊಂಡು, ತೋಳುಗಳನ್ನು ಮರಗಾಲಿನಂತೆ ಊರುತ್ತ ಹೊತ್ತೊಯ್ಯುತ್ತದೆ. ಬೇಕಾದಾಗ ಒಳಸೇರಿ ಮುಚ್ಚಿಕೊಳ್ಳುತ್ತದೆ. ಬೆನ್ನೆಲುಬೂ ಇಲ್ಲದ ಪ್ರಾಣಿಯ ಮುಂದಾಲೋಚನೆ ಇದು!

ಆದರೆ ನೀರೊಳಗೆ ಒಲೆ ಹಚ್ಚಲಾಗದು. ಲೋಹ ಕರಗಿಸಿ ರೇಡಿಯೊ ಕಟ್ಟುವ ಜೀವಿಗೆ ನೆಲವೇ ಬೇಕಾದೀತು; ಗುರುತ್ವ ಜಾಸ್ತಿಯಿದ್ದರೆ ಗಿಡ್ಡ ಮೈ, ದಪ್ಪ ಕಾಲುಗಳೂ ಬೇಕಾದಾವು. ಕೈಕಾಲು ನಾಲ್ಕೇ ಇರಬೇಕೆಂಬ ನಿಯಮವಿಲ್ಲ. ಮನುಷ್ಯನಿಗೆ ನಾಲ್ಕು ಬಂದದ್ದು, ನೆಲಕ್ಕೇರಿದ ಪುರಾತನ ಮೀನುಗಳಿಗೆ ಎರಡು ಜೊತೆ ಈಜುರೆಕ್ಕೆ ಇದ್ದದ್ದರಿಂದ. ನಾಲ್ಕು ಕಾಲೂರಿ ನಿಂತು, ಇನ್ನೆರಡರಲ್ಲಿ ಸ್ಪ್ಯಾನರ್ ಹಿಡಿದ ಎಂಜಿನಿಯರ್ ಅಸಾಧ್ಯವೇನಲ್ಲ.