ಕೋವಿಯ ಒದೆಗೆ ಹೆಗಲು ಕೊಡುವ ಮುನ್ನ

ಪ್ರತಿವರ್ಷ ಸೆಪ್ಟೆಂಬರ್ ಮೊದಲ ವಾರ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ. ಅಂದು ಮನೆಯ ಕೋವಿಗಳನ್ನು ಒರೆಸಿ, ನಳಿಗೆಗೆ ಕೆಂಪು-ಹಳದಿ ಬಣ್ಣದ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. ಹೆಂಗಸರು, ಗಂಡಸರು ಎಲ್ಲರೂ ಸರದಿಗೆ ನಿಲ್ಲುತ್ತಾರೆ. ಜನರ ಕಣ್ಣು ಕಾಯಿಯ ಮೇಲಿರುತ್ತದೆ; ಆದರೆ ನೋಡಬೇಕಾದದ್ದು ಗುರಿ ಇಟ್ಟವರ ಹೆಗಲನ್ನು. ಹೊಸಬರ ಕೋವಿ ಮೇಲಕ್ಕೆ ಚಿಮ್ಮುತ್ತದೆ, ಮೈ ಹಿಂದಕ್ಕೆ ವಾಲುತ್ತದೆ. ಪಳಗಿದವರು ತುಸು ಅಲುಗಿ ಮತ್ತೆ ಅದೇ ಭಂಗಿಗೆ ಬರುತ್ತಾರೆ. ಕೋವಿ ಅದೇ, ತೋಟಾ ಅದೇ. ಬೇರೆಯಾದದ್ದು ಒದೆ ತಿನ್ನುವ ರೀತಿ.

ನಮ್ಮ ಬಳ್ಳಾರಿಯ ಎಮ್ಮಿಗನೂರು, ಕಂಪ್ಲಿ ಕಡೆ ಬಂದೂಕೆಂದರೆ ಲೈಸೆನ್ಸು, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸುವ ಸಾಮಾನು, ಅಷ್ಟೆ. ಕೊಡಗಿನಲ್ಲಿ ಹಾಗಲ್ಲ. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ರೂಢಿಯಿದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಒದೆ ಬರುವುದು ಎಲ್ಲಿಂದ? ಗುಂಡನ್ನು ಎಷ್ಟು ಬಲ ಮುಂದಕ್ಕೆ ತಳ್ಳುತ್ತದೋ ಅಷ್ಟೇ ಬಲ ಕೋವಿಯನ್ನು ಹಿಂದಕ್ಕೆ ತಳ್ಳುತ್ತದೆ. ಗುಂಡಿನ ಬೆನ್ನಿಗೇ ನಳಿಗೆಯ ಬಾಯಿಂದ ನುಗ್ಗುವ ಮದ್ದಿನ ಅನಿಲವೂ ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ಕೆನೆತ್ ಆಂಡರ್ಸನ್ ಅವರ ಬೇಟೆಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಆಂಡರ್ಸನ್ನರ .405 ವಿಂಚೆಸ್ಟರ್ ರೈಫಲ್ ಗೊತ್ತೇ ಇರುತ್ತದೆ. ಆ ರೈಫಲ್ಲಿನ ಗುಂಡು ಸುಮಾರು 19 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ರೈಫಲ್ಲಿನ ತೂಕವೋ ನಾಲ್ಕು ಕಿಲೋದ ಆಸುಪಾಸು. ಹೆಗಲಿಗೆ ಆನಿಸುವ ಬಟ್ಟಿನ ತುದಿಗೆ ರಬ್ಬರಿರಲಿಲ್ಲ, ಉಕ್ಕಿನ ತಟ್ಟೆಯಿತ್ತು. ಹುಲಿಯ ಮುಂದೆ ನಿಂತವರಿಗೆ ಆ ಹೊತ್ತಿನಲ್ಲಿ ಒದೆ ಗೊತ್ತಾಗದಿರಬಹುದು. ಬಯಲಿನಲ್ಲಿ ಅಭ್ಯಾಸಕ್ಕೆಂದು ಹತ್ತು ತೋಟಾ ಸುಟ್ಟರೆ ಮರುದಿನ ಅಂಗಿ ತೊಡುವಾಗ ಗೊತ್ತಾಗುತ್ತದೆ.

ಒದೆ ತಗ್ಗಿಸುವ ಮೊದಲ ದಾರಿ ತೂಕ. ಅದೇ ತೋಟಾ ಹಾಕಿ ಕೋವಿಯ ತೂಕ ಕಾಲು ಭಾಗ ಹೆಚ್ಚಿಸಿದರೆ ಒದೆಯ ಶಕ್ತಿ ಐದನೇ ಒಂದು ಭಾಗ ಇಳಿಯುತ್ತದೆ. ಹೊತ್ತು ತಿರುಗಲು ಹಗುರ ಕೋವಿ ಹಿತ, ಹೊಡೆಯಲು ಭಾರದ್ದು ಹಿತ. ಎರಡನೆಯದು ತೋಟಾ. ಹನ್ನೆರಡು ಬೋರಿನ ಕೋವಿಗೆ ಚರೆ ಕಡಿಮೆಯಿರುವ ತೋಟಾ ಹಾಕಿದರೆ ಹೆಗಲಿಗೆ ಕೂಡಲೇ ಗೊತ್ತಾಗುತ್ತದೆ. ಒಲಿಂಪಿಕ್ಸ್‌ನ ಟ್ರ್ಯಾಪ್ ಸ್ಪರ್ಧಿಗಳು ದಿನಕ್ಕೆ ನೂರಾರು ಸಲ ಹೊಡೆಯುವುದು ಬರೀ 24 ಗ್ರಾಂ ಚರೆಯ ತೋಟಾದಲ್ಲಿ.

ಮೂರನೆಯದು ರಬ್ಬರ್ ಪ್ಯಾಡ್. ಅದು ಒಟ್ಟು ಹೊಡೆತವನ್ನು ನುಂಗಿಬಿಡುವುದಿಲ್ಲ. ಹೊಡೆತ ಹೆಚ್ಚು ಜಾಗಕ್ಕೆ ಹರಡುವಂತೆ, ಕ್ಷಣದಷ್ಟು ಹೆಚ್ಚು ಹೊತ್ತು ತಾಗುವಂತೆ ಮಾಡುತ್ತದೆ. ಹಾಸಿಗೆಯ ಮೇಲೆ ಬಿದ್ದವನಿಗೂ ಕಲ್ಲಿನ ಮೇಲೆ ಬಿದ್ದವನಿಗೂ ಇರುವ ವ್ಯತ್ಯಾಸವೇ ಇಲ್ಲಿಯದೂ. ಆದರೆ ಪ್ಯಾಡ್ ಸೇರಿದರೆ ಬಟ್ಟಿನ ಉದ್ದವೂ ಹೆಚ್ಚುತ್ತದೆ. ಕೈ ಗಿಡ್ಡವಿದ್ದವರಿಗೆ ಮರವನ್ನು ಅಷ್ಟೇ ಕತ್ತರಿಸಿ ಕೂರಿಸಬೇಕು. ಬಟ್ಟು ಕೆಳಕ್ಕೆ ತೀರಾ ಬಾಗಿದ್ದರೆ ನಳಿಗೆ ಮೇಲಕ್ಕೆದ್ದು ಮರ ಕೆನ್ನೆಗೆ ಬಡಿಯುತ್ತದೆ. ಈ ಕೆಲಸವನ್ನು ಊರಿನ ಬಡಗಿಯ ಕೈಗೆ ಕೊಡುವಂತಿಲ್ಲ. ಕೋವಿ ರಿಪೇರಿಗೂ ಲೈಸೆನ್ಸ್ ಇರುವ ಅಂಗಡಿಯೇ ಆಗಬೇಕು. ನಾಲ್ಕನೆಯದು ನಳಿಗೆಯ ತುದಿಗೆ ಹಾಕುವ ಮಜಲ್ ಬ್ರೇಕ್. ಅದು ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆಯನ್ನು ಚೆನ್ನಾಗಿಯೇ ಇಳಿಸುತ್ತದೆ, ಆದರೆ ಸದ್ದು ಹೊಡೆದವರ ಮತ್ತು ಪಕ್ಕದಲ್ಲಿದ್ದವರ ಕಿವಿಗೆ ಜೋರಾಗಿ ಅಪ್ಪಳಿಸುತ್ತದೆ.

ಕಾಸಿಲ್ಲದ ಉಪಾಯ ನಿಲ್ಲುವ ರೀತಿಯಲ್ಲಿದೆ. ಬಲಗೈಯನ್ನು ಮುಂದೆ ಚಾಚಿ, ಎಡಗೈ ಹೆಬ್ಬೆರಳಿನಿಂದ ಕೊರಳೆಲುಬಿನ ಕೆಳಗೆ ಒತ್ತಿ ನೋಡಿ. ಹೆಗಲ ಕೀಲಿನ ಒಳಬದಿಗೆ ಮೆತ್ತನೆಯ ತಗ್ಗು ಸಿಗುತ್ತದೆ. ಬಟ್ಟು ಕೂರಬೇಕಾದದ್ದು ಅಲ್ಲಿ. ಎಲುಬಿನ ಮೇಲೂ ಅಲ್ಲ, ತೋಳಿನ ಮೇಲೂ ಅಲ್ಲ. ನೋವಿಗೆ ಹೆದರಿ ಬಟ್ಟನ್ನು ಹೆಗಲಿಂದ ಒಂದಿಂಚು ದೂರ ಹಿಡಿದರೆ ಕೋವಿಗೆ ಓಡಿ ಬಂದು ಗುದ್ದಲು ಜಾಗ ಕೊಟ್ಟಂತೆ. ಗಟ್ಟಿಯಾಗಿ ಒತ್ತಿ ಹಿಡಿದರೆ ಕೋವಿಯ ಜೊತೆ ಮೈಯ ತೂಕವೂ ಸೇರಿ ಗುದ್ದು ನೂಕಾಗುತ್ತದೆ. ಎಡಗಾಲು ಮುಂದಿಟ್ಟು ತುಸು ಮುಂದಕ್ಕೆ ಬಾಗಿ ನಿಂತರೆ ಮೈ ಒದೆಯೊಂದಿಗೆ ತೂಗುತ್ತದೆ.

ಗುರಿ ಕೆಡಿಸುವುದು ಒದೆಗಿಂತ ಹೆಚ್ಚಾಗಿ ಒದೆಯ ಅಂಜಿಕೆ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಹೆಗಲು ಜಗ್ಗುತ್ತದೆ. ಈ ಚಟವನ್ನು ಪತ್ತೆಹಚ್ಚಲು ಹಳೆಯ ಉಪಾಯವೊಂದಿದೆ: ಬೇರೊಬ್ಬರು ನಿಜವಾದ ತೋಟಾಗಳ ನಡುವೆ ಹುಸಿ ತೋಟಾ ಸೇರಿಸಿ ಕೋವಿ ತುಂಬಿ ಕೊಡುವುದು. ಹುಸಿ ತೋಟಾ ಬಂದಾಗ ಸದ್ದಿಲ್ಲದಿದ್ದರೂ ನಳಿಗೆ ಬೆಚ್ಚಿದರೆ ದೋಷ ಯಾರದೆಂದು ತಿಳಿಯುತ್ತದೆ. ಅಂಜಿಕೆಯ ದೊಡ್ಡ ಪಾಲು ಸದ್ದಿನದು. ಕಿವಿ ಮುಚ್ಚಿಕೊಂಡರೆ ಅರ್ಧ ಒದೆ ಕಡಿಮೆಯಾದಂತೆ ಅನಿಸುತ್ತದೆ.

ಇಷ್ಟೆಲ್ಲ ಕಲಿತು ಕಾಡಿಗೆ ಹೋಗುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ; ಕೊಡಗಿನ ವಿನಾಯಿತಿ ಕೋವಿ ಇಟ್ಟುಕೊಳ್ಳಲೇ ಹೊರತು ಬೇಟೆಗಲ್ಲ. ದರೋಜಿ ಕರಡಿಧಾಮದ ಕಡೆಯಿಂದ ಹೊಲಕ್ಕೆ ಕರಡಿ ಬಂದರೂ ತಿಳಿಸಬೇಕಾದದ್ದು ಅರಣ್ಯ ಇಲಾಖೆಗೆ. ಗುರಿಯ ಆಟಕ್ಕೆ ರೈಫಲ್ ಕ್ಲಬ್ ಸೇರುವವರು ಮೊದಲ ದುಡ್ಡನ್ನು ಕಿವಿಯ ರಕ್ಷಣೆಗೆ, ಎರಡನೆಯದನ್ನು ಪ್ಯಾಡಿಗೆ ಹಾಕಲಿ. ಕಲಿಕೆ .22 ರೈಫಲ್ಲಿನಿಂದ ಶುರುವಾಗಲಿ. ಹೆಗಲು ನೋಯತೊಡಗಿದರೆ ಆ ದಿನಕ್ಕೆ ಕೋವಿ ಕೆಳಗಿಡಿ. ನೋವಿನಲ್ಲಿ ಹೊಡೆದ ಗುಂಡು ಅಂಜಿಕೆಯನ್ನಲ್ಲದೆ ಬೇರೇನನ್ನೂ ಕಲಿಸುವುದಿಲ್ಲ.