ನಾಯಿ ಸಾಕಿರುವ ಶ್ರಾವಕರ ಗಮನಕ್ಕೆ



ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ನಮ್ಮ ಸಮಾಜದ ಬಹಳಷ್ಟು ಕುಟುಂಬಗಳು ತೋಟದ ಮನೆಯಲ್ಲಿವೆ. ಸುತ್ತ ಕಬ್ಬು, ರಾತ್ರಿ ಕರೆಂಟ್ ಬಂದಾಗ ನೀರು ಹಾಯಿಸುವ ಕೆಲಸ, ಪಕ್ಕದ ಮನೆ ಕೂಗಿದರೂ ಕೇಳಿಸದಷ್ಟು ದೂರ. ಹಾಗಾಗಿ ನಾಯಿ ಇಲ್ಲದ ತೋಟ ಕಡಿಮೆ. ಪೇಟೆಯಲ್ಲೂ ಈಗ ಮಕ್ಕಳ ಹಟಕ್ಕೆ ಲ್ಯಾಬ್ರಡಾರ್, ಪಾಮೇರಿಯನ್ ಬಂದಿವೆ. ಲಸಿಕೆ ಶಿಬಿರವಿದ್ದಾಗ ಮನೆ ಮನೆಗೆ ಹೋಗಿ ತಿಳಿಸುವ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಹೋದಲ್ಲೆಲ್ಲ ನೋಡಿದ್ದೇನೆ, ಪ್ರೀತಿಗೆ ಕೊರತೆಯಿಲ್ಲ. ತಪ್ಪುಗಳು ಮಾತ್ರ ಎಲ್ಲ ಕಡೆ ಅವೇ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದೆ. ಪಾಠಶಾಲೆಯಲ್ಲಿ ಕಲಿತವರಿಗೆ ನೆನಪಿರುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನ ನೀರು ತಡೆಯುವುದು. ಇದೆಲ್ಲ ಎತ್ತು, ಕುದುರೆಗಳಿಗೆ ಹೇಳಿದ್ದೆಂದು ನಾವು ತಿಳಿದಿದ್ದೇವೆ. ಭಾರ ಹೇರುವುದೊಂದನ್ನು ಬಿಟ್ಟರೆ ಉಳಿದ ನಾಲ್ಕೂ ನಾಯಿ ಸಾಕಿದ ಮನೆಗೆ ನೇರವಾಗಿ ಅನ್ವಯಿಸುತ್ತವೆ.

ಎಲ್ಲಕ್ಕಿಂತ ಹೆಚ್ಚು ಕಾಣುವುದು ಸರಪಳಿ. ಎರಡು ಮೊಳದ ಸರಪಳಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಟ್ಟಿರುತ್ತಾರೆ. ಕೇಳಿದರೆ "ಬಿಟ್ಟರ ಮಂದಿಗೆ ಕಡೀತೈತ್ರೀ" ಎನ್ನುತ್ತಾರೆ. ಆದರೆ ಸದಾ ಕಟ್ಟಿ ಹಾಕಿದ ನಾಯಿಯ ಸಿಟ್ಟೇ ಹೆಚ್ಚು. ನಮ್ಮ ನೆರೆಯ ಮುಧೋಳದ ತಳಿಯನ್ನೇ ನೋಡಿ. ಸಂಸ್ಥಾನಿಕರಾಗಿದ್ದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಪೋಷಿಸಿದ ತಳಿ ಅದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಮೊಲದ ಹಿಂದೆ ಮೈಲಿಗಟ್ಟಲೆ ಓಡಲು ಹುಟ್ಟಿದ ಜೀವ. ಅಂಥದ್ದನ್ನು ಪ್ರತಿಷ್ಠೆಗೆಂದು ಹಣ ಕೊಟ್ಟು ತಂದು ತಗಡಿನ ಶೆಡ್ಡಿನ ಕೆಳಗೆ ಕಟ್ಟುವುದಾದರೆ ತರದಿರುವುದೇ ಲೇಸು. ತಳಿಯ ಬಗ್ಗೆ ಕೇಳಬೇಕೆನ್ನುವವರಿಗೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ.

ಇದು ಧರ್ಮದ ಮಾತಷ್ಟೇ ಅಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು, ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದು, ಸಾಕಷ್ಟು ಅನ್ನ ನೀರು ನೆರಳು ಕೊಡದಿರುವುದು, ಬೀದಿಗೆ ಬಿಟ್ಟು ಬರುವುದು ಎಲ್ಲವೂ ಅಪರಾಧ. ಬೆಳಿಗ್ಗೆ, ಸಂಜೆ ಅರ್ಧ ಅರ್ಧ ತಾಸು ಅಡ್ಡಾಡಿಸಿ. ಬೇಲಿ ಇಲ್ಲದ ತೋಟದಲ್ಲಿ ಎರಡು ಕಂಬಗಳ ನಡುವೆ ತಂತಿ ಎಳೆದು, ಅದರ ಮೇಲೆ ಜಾರುವ ಬಳೆಗೆ ಸರಪಳಿ ಹಾಕಿದರೆ ಅತ್ತಿತ್ತ ಓಡಾಡಲು ಜಾಗವಾದರೂ ಸಿಗುತ್ತದೆ.

ಇನ್ನು ಊಟ. ಮೊಟ್ಟೆ, ಮಾಂಸವಿಲ್ಲದೆ ನಾಯಿ ಬದುಕೀತೇ ಎಂದು ಬಹಳ ಜನ ಕೇಳುತ್ತಾರೆ. ಬದುಕುತ್ತದೆ. ಬೆಕ್ಕಿನ ವಿಷಯ ಬೇರೆ, ಅದಕ್ಕೆ ಮಾಂಸ ಬೇಕೇ ಬೇಕು; ನಾಯಿಗೆ ಧಾನ್ಯ ಅರಗಿಸುವ ಶಕ್ತಿ ಇದೆ. ಆದರೆ ಹಾಲು ರೊಟ್ಟಿ ಮಾತ್ರ ಹಾಕುತ್ತಾ ಹೋಗುವುದು ಸಸ್ಯಾಹಾರವಲ್ಲ, ಅರೆಹೊಟ್ಟೆ. ದೊಡ್ಡ ನಾಯಿಗಳಲ್ಲಿ ಎಷ್ಟೋ ಹಾಲು ಕುಡಿದರೆ ಭೇದಿ ಮಾಡಿಕೊಳ್ಳುತ್ತವೆ, ಮೊಸರು ವಾಸಿ. ರೊಟ್ಟಿ ಅಥವಾ ಅನ್ನದ ಜೊತೆ ಚೆನ್ನಾಗಿ ಬೆಂದ ಬೇಳೆ, ಸೋಯಾ, ಪನೀರ್, ಬೇಯಿಸಿದ ಕುಂಬಳಕಾಯಿ ಇರಲಿ. ಉಪ್ಪು ಖಾರದ ಸಾರು ಬೇಡ. ಬೆಳೆಯುವ ಮರಿಗೆ, ಬಸುರಿ ನಾಯಿಗೆ ಪಶುವೈದ್ಯರನ್ನು ಕೇಳಿ ಜೀವಸತ್ವ, ಕ್ಯಾಲ್ಸಿಯಂ ಸೇರಿಸಬೇಕು. ಅಂಗಡಿಯಲ್ಲಿ ಸಸ್ಯಾಹಾರಿ ನಾಯಿ ಆಹಾರದ ಪೊಟ್ಟಣಗಳೂ ಸಿಗುತ್ತವೆ. ಅದನ್ನೇ ಪೂರ್ತಿ ಊಟವಾಗಿ ಕೊಡಬಹುದೇ ಎಂದು ಮೇಲೆ ಬರೆದಿದ್ದನ್ನು ಓದಿ ತನ್ನಿ.

ನಮ್ಮೂರಿನ ಒಂದು ಅಪಾಯ ಬೇರೆಯವರಿಗಿಲ್ಲ: ಗೋಕಾಕ ಕರದಂಟು. ಅದರಲ್ಲಿ ಬೀಳುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಕೆಲವು ನಾಯಿಗಳಿಗೆ ನಾಲ್ಕು ದ್ರಾಕ್ಷಿಯೂ ಹೆಚ್ಚೇ. ಚಾಕಲೇಟ್, ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಕೂಡ ವಿಷ. ಉಳ್ಳಾಗಡ್ಡಿ, ಬೆಳ್ಳುಳ್ಳಿಯೂ ನಾಯಿಯ ರಕ್ತ ಕೆಡಿಸುತ್ತವೆ. ನಮ್ಮ ಅಡುಗೆಮನೆಯಲ್ಲಿ ಅವು ಇಲ್ಲದಿದ್ದರೂ ಕೆಲಸದವರ ಬುತ್ತಿಯಿಂದ ಬೀಳಬಹುದು. ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವದಲ್ಲಿ ಮನೆಯವರೆಲ್ಲ ಉಪವಾಸವಿದ್ದು ಒಲೆ ಹಚ್ಚದಿದ್ದಾಗ ನಾಯಿಯನ್ನು ಮರೆಯಬೇಡಿ. ವ್ರತ ನಮ್ಮದು, ಅದರದ್ದಲ್ಲ. ನಾವು ನೀರು ಸೋಸಿ ಕುಡಿಯುತ್ತೇವೆ, ನಾಯಿಯ ಬೋಗುಣಿಯಲ್ಲಿ ಮೂರು ದಿನದ ನೀರಿನಲ್ಲಿ ಹುಳು ಆಡುತ್ತಿರುತ್ತವೆ. ದಿನಕ್ಕೆ ಎರಡು ಸಲ ಬದಲಿಸಿ.

ಹೊಡೆದು ಕಲಿಸುವುದನ್ನು ಬಿಡಿ. ಏಟು ತಿಂದು ಸಾಯುತ್ತಿದ್ದ ನಾಯಿಗೆ ಪಂಚನಮಸ್ಕಾರ ಮಂತ್ರ ಕೇಳಿಸಿದ ಜೀವಂಧರನ ಕಥೆ ನಮ್ಮ ಮಕ್ಕಳಿಗೆ ಗೊತ್ತು. ಆ ನಾಯಿ ಸುದರ್ಶನ ಯಕ್ಷನಾಗಿ ಹುಟ್ಟಿತು. ಚುರುಕಾಗಲಿ, ಚೆಂದ ಕಾಣಲಿ ಎಂದು ಮರಿಯ ಬಾಲ, ಕಿವಿ ಕತ್ತರಿಸುವುದೂ ನಿಲ್ಲಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಯೂ ಛೇದವಲ್ಲವೇ ಎಂದು ಒಬ್ಬ ಹಿರಿಯರು ಕೇಳಿದರು. ಅರಿವಳಿಕೆ ಕೊಟ್ಟು ವೈದ್ಯರು ಮಾಡುವ ಆ ಕೆಲಸವನ್ನು ಕಿವಿ ಕತ್ತರಿಸುವುದಕ್ಕೆ ಹೋಲಿಸಲು ನನಗೆ ಮನಸ್ಸು ಬರುವುದಿಲ್ಲ. ಚೀಲದಲ್ಲಿ ತುಂಬಿ ಕಾಲುವೆ ದಂಡೆಗೆ ಬಿಟ್ಟ ಮರಿಗಳನ್ನು ನೋಡಿದವರು ಬೇರೆ ಹೇಳಲಾರರು. ಸಂಶಯವಿದ್ದವರು ಮುನಿಗಳನ್ನೋ ಪಂಡಿತರನ್ನೋ ಕೇಳಲಿ.

ಉಣ್ಣೆಯ ವಿಷಯದಲ್ಲಿ ನಮ್ಮವರಿಗೆ ಅಳುಕು ಹೆಚ್ಚು, ಕೊಲ್ಲಬೇಕಲ್ಲ ಎಂದು. ಬಿಟ್ಟರೆ ನೂರಾಗುತ್ತವೆ, ಉಣ್ಣೆಜ್ವರದಿಂದ ನಾಯಿಯೂ ಹೋಗುತ್ತದೆ. ಹತ್ತದಂತೆ ನೋಡಿಕೊಳ್ಳುವುದೇ ದಾರಿ: ದಿನಾ ಬಾಚುವುದು, ಮಲಗುವ ಜಾಗ ಒಣಗಿಡುವುದು, ವೈದ್ಯರು ಹೇಳಿದ ಔಷಧ ಹೊತ್ತಿಗೆ ಸರಿಯಾಗಿ ಹಾಕುವುದು. ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಔಷಧ ಮಾತ್ರ ಹಚ್ಚಲೇಬೇಡಿ. ನೆಕ್ಕಿಕೊಂಡ ನಾಯಿ ಉಳಿಯುವುದು ಕಷ್ಟ.

ಕೊನೆಯದು ಲಸಿಕೆ. ಆರರಿಂದ ಎಂಟು ವಾರಕ್ಕೆ ಪಾರ್ವೊ ಮುಂತಾದವುಗಳ ಲಸಿಕೆ ಶುರು, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಮುಂದೆ ವರ್ಷ ವರ್ಷ ತಪ್ಪದೆ. "ಮನಿ ನಾಯಿ, ಏನ ಆಗೂದಿಲ್ಲ" ಎನ್ನಬೇಡಿ, ರಾತ್ರಿ ಹೊಲದಲ್ಲಿ ಅದು ಯಾವುದರ ಜೊತೆ ಕಚ್ಚಾಡಿತೋ ನಿಮಗೆ ತಿಳಿಯದು. ಯಾರಿಗಾದರೂ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ, ಅರಿಶಿನ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದಷ್ಟೂ ಚುಚ್ಚುಮದ್ದು ಮುಗಿಸಿ. ರೋಗದ ಲಕ್ಷಣ ಕಂಡ ಮೇಲೆ ಮನುಷ್ಯ ಉಳಿಯುವುದಿಲ್ಲವೆಂದೇ ಹೇಳಬೇಕು.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಉಚಿತ ಶಿಬಿರ ಇದೆಯೇ ಎಂದು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ನಾಯಿಯನ್ನು ಗಟ್ಟಿ ಪಟ್ಟಿ ಹಾಕಿ, ಅದಕ್ಕೆ ಪರಿಚಯವಿರುವವರೇ ಹಿಡಿದು ತನ್ನಿ. ಹಿಂದಿನ ಲಸಿಕೆ ಚೀಟಿ ಜೊತೆಗಿರಲಿ.