ಹುಳಿತ ತೊಟ್ಟಿಯೂ ಜಲಜನಕವೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಮಕ್ತಲದ ನಮ್ಮ ಹಿತ್ತಲಿನಲ್ಲಿದ್ದ ಗೋಬರ್ ಗ್ಯಾಸ್ ತೊಟ್ಟಿ ನೆನಪಾಯಿತು. 1998ರಲ್ಲಿ ಮಗಳ ಮದುವೆಯಲ್ಲಿ ಉಳಿದ ಅನ್ನ, ಗಂಜಿ, ಪಾಯಸಗಳನ್ನು ಚೆಲ್ಲುವುದೇಕೆಂದು ನಾನೇ ಅದರೊಳಗೆ ಸುರಿಸಿದೆ. ಮೂರನೆಯ ದಿನ ಡ್ರಮ್ಮು ಎಂದಿಗಿಂತ ಮೇಲೆದ್ದಿತು. ಒಲೆ ಮಾತ್ರ ಹೊತ್ತಲಿಲ್ಲ. ಎಲ್ಲೆಡೆ ಹುಳಿ ವಾಸನೆ. ನನ್ನ ಧರ್ಮಪತ್ನಿ ಮತ್ತೆ ಕಟ್ಟಿಗೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳಬೇಕಾಯಿತು. "ಇದು ನಂಬತಕ್ಕದ್ದಲ್ಲ" ಎಂದು ನಾನು ಹೇಳಿದ್ದನ್ನು ಕೇಳಿ, ತೊಟ್ಟಿ ಕಟ್ಟಿಸಬೇಕೆಂದಿದ್ದ ಎದುರು ಮನೆಯವರೂ ಕೈಬಿಟ್ಟರು. ಹೆಡ್‌ಮಾಸ್ತರರ ಮಾತಲ್ಲವೇ!

ನಡೆದುದೇನೆಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ. ತೊಟ್ಟಿಯೊಳಗೆ ದುಡಿಯುವುದು ಒಂದೇ ಜಾತಿಯ ಸೂಕ್ಷ್ಮಜೀವಿಗಳಲ್ಲ. ಮೊದಲಿನವು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಇನ್ನು ಕೆಲವು ಆ ಸಕ್ಕರೆಯನ್ನು ಅಸಿಟಿಕ್, ಬ್ಯುಟಿರಿಕ್ ಮೊದಲಾದ ಆಮ್ಲಗಳನ್ನಾಗಿ ಮಾರ್ಪಡಿಸುವಾಗ ಜಲಜನಕವೂ ಇಂಗಾಲದ ಡೈಆಕ್ಸೈಡೂ ಹೊರಬರುತ್ತವೆ. ಕೊನೆಯವು ಇವನ್ನೆಲ್ಲ ಉಂಡು ಮೀಥೇನನ್ನು ಕೊಡುತ್ತವೆ. ಈ ಕೊನೆಯವರು ನಿಧಾನಸ್ಥರು, ಹುಳಿಯನ್ನು ಸಹಿಸರು. ನಾನು ಸುರಿಸಿದ ಅನ್ನದಿಂದ ಆಮ್ಲ ಹೆಚ್ಚಿ ಅವು ಕೆಲಸ ನಿಲ್ಲಿಸಿದವು. ಡ್ರಮ್ಮನ್ನು ಎತ್ತಿದ್ದು ಬಹುಪಾಲು ಉರಿಯದ ಇಂಗಾಲದ ಡೈಆಕ್ಸೈಡು. ಅದರೊಡನೆ ಅಷ್ಟಿಷ್ಟು ಜಲಜನಕ.

ನಾನು ಅಜ್ಞಾನದಿಂದ ಮಾಡಿದ್ದನ್ನೇ ವಿಜ್ಞಾನಿಗಳು ಬೇಕೆಂದು ಮಾಡುತ್ತಾರೆ. ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಡಾ. ಎಸ್. ವೆಂಕಟ ಮೋಹನ್ ಮತ್ತು ಅವರ ಸಂಗಡಿಗರು ಹಾಲಿನ ಡೈರಿಯ ಕೊಳೆ ನೀರು, ಅಡುಗೆಮನೆಯ ತ್ಯಾಜ್ಯ ಮುಂತಾದವುಗಳಿಂದ ಜಲಜನಕ ಪಡೆಯುವ ಬಗ್ಗೆ ಬಹುಕಾಲ ಸಂಶೋಧನೆ ನಡೆಸಿದ್ದಾರೆ. 2014ರಲ್ಲಿ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ದೊರೆಯಿತು. ಈ ವಿಧಾನದಲ್ಲಿ ಬೀಜವಾಗಿ ಹಾಕುವ ಕೆಸರನ್ನು ಮೊದಲು ಕಾಯಿಸುವುದುಂಟು. ಮೀಥೇನ್ ಜೀವಿಗಳು ಸಾಯುತ್ತವೆ. ಕ್ಲಾಸ್ಟ್ರಿಡಿಯಂ ಎಂಬ ಜಾತಿ ಗಟ್ಟಿ ಕವಚದ ಬೀಜಕಗಳಾಗಿ ಉಳಿದು ಮತ್ತೆ ಚಿಗುರುತ್ತದೆ. ಗಾಳಿಯಾಡದಂತೆ ಮುಚ್ಚಿದ ತೊಟ್ಟಿಯಲ್ಲಿ ಪಿಎಚ್ ಅಂಕವನ್ನು 5.5ರಿಂದ 6ರ ಆಸುಪಾಸಿನಲ್ಲಿ ಕಾಯ್ದುಕೊಳ್ಳುತ್ತಾರೆ. ಬೆಳಕು ಬೇಡವಾದ್ದರಿಂದ ಇದಕ್ಕೆ ಕತ್ತಲ ಹುದುಗುವಿಕೆ ಎಂದು ಹೆಸರು.

ಶಾಲೆಯಲ್ಲಿ ಸತುವಿನ ಚೂರುಗಳ ಮೇಲೆ ಆಮ್ಲ ಸುರಿದು, ಉರಿವ ಕಡ್ಡಿ ಹಿಡಿದು, 'ಪಟ್' ಎಂಬ ಸದ್ದನ್ನು ಕೇಳಿಸುತ್ತಿದ್ದೆನಲ್ಲ, ಅದೇ ಅನಿಲ. ಉರಿದಾಗ ನೀರನ್ನು ಹುಟ್ಟಿಸುವುದರಿಂದಲೇ ಜಲಜನಕ.

ಆದರೆ ಜಲಜನಕ ಬಂದಿತೆಂದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ತಿಳಿಯಬಾರದು. ಗ್ಲೂಕೋಸಿನ ಒಂದು ಅಣುವಿನಿಂದ ಹೀಗೆ ದೊರೆಯಬಹುದಾದ ಜಲಜನಕ ಹೆಚ್ಚೆಂದರೆ 4 ಅಣು; ಬ್ಯುಟಿರಿಕ್ ಆಮ್ಲದ ದಾರಿ ಹಿಡಿದರೆ 2 ಮಾತ್ರ. ಮಿಕ್ಕ ಶಕ್ತಿಯೆಲ್ಲ ಹುಳಿ ನೀರಿನಲ್ಲೇ ಉಳಿಯುತ್ತದೆ. ಅದನ್ನು ಚರಂಡಿಗೆ ಬಿಡದೆ ಎರಡನೆಯ ತೊಟ್ಟಿಗೆ ಹರಿಸಿ ಮೀಥೇನ್ ಪಡೆಯುವುದು ಲೇಸು. ಆದ್ದರಿಂದ ಮನೆಮನೆಗೆ ಇಂದಿಗೂ ಗೋಬರ್ ಗ್ಯಾಸೇ ಸರಿ, ಜಲಜನಕವಲ್ಲ ಎಂಬುದು ನನ್ನ ಅಭಿಪ್ರಾಯ.

ನಾರಾಯಣಪೇಟೆ, ಗದ್ವಾಲಗಳ ಸೀರೆಯ ಬಣ್ಣದ ನೀರು ಇದಕ್ಕೆ ಆದೀತೇ ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ಬಣ್ಣ ಈ ಜೀವಿಗಳಿಗೆ ಆಹಾರವಲ್ಲ. ಕುಸುಬಲಕ್ಕಿ ಮಿಲ್ಲಿನಲ್ಲಿ ಭತ್ತ ನೆನೆಸಿದ ನೀರು, ಹೋಟೆಲಿನ ಗಂಜಿ, ಶಾಲೆಯ ಬಿಸಿಯೂಟದ ಪಾತ್ರೆ ತೊಳೆದ ನೀರು, ಇವುಗಳಲ್ಲಿ ಪಿಷ್ಟವಿದೆ.

ತೊಟ್ಟಿ ಹುಳಿತರೆ ಅನ್ನ, ಗಂಜಿ ಹಾಕುವುದನ್ನು ನಿಲ್ಲಿಸಿ, ಸ್ವಲ್ಪ ಸುಣ್ಣದ ನೀರನ್ನೂ ಚೆನ್ನಾಗಿ ನಡೆಯುತ್ತಿರುವ ಬೇರೊಂದು ತೊಟ್ಟಿಯ ಬಗ್ಗಡವನ್ನೂ ಹಾಕಿ ಕೆಲವು ವಾರ ಕಾಯಬೇಕು. ಇಷ್ಟು ಅಂದೇ ತಿಳಿದಿದ್ದರೆ ಎದುರು ಮನೆಯವರಿಗೆ ಬೇರೆ ಮಾತು ಹೇಳುತ್ತಿದ್ದೆ.